ಸೇಂಟ್ ಆಗಸ್ಟೀನ್ ನೋಡಲು ಬರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಫ್ಲೋರಿಡಾಕ್ಕೆ ಬರುವ ನಮ್ಮವರ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಒರ್ಲಾಂಡೋದಲ್ಲಿ ಮಕ್ಕಳಿಗೆ ಡಿಸ್ನಿ, ಕೇಪ್ ಕೆನವೆರಲ್‌ನಲ್ಲಿ ರಾಕೆಟ್, ಮಯಾಮಿಯಲ್ಲಿ ಕಡಲು. ಒಂದು ದಿನ ಉಳಿದರೆ ಉತ್ತರಕ್ಕೆ ತಿರುಗಿ ಸೇಂಟ್ ಆಗಸ್ಟೀನ್. 1565ರಲ್ಲಿ ಸ್ಪೇನಿನವರು ಕಟ್ಟಿದ ಊರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಯುರೋಪಿನವರು ನೆಲೆಸಿ, ಆಮೇಲೆ ಒಮ್ಮೆಯೂ ಬರಿದಾಗದೆ ಉಳಿದ ಊರುಗಳಲ್ಲೆಲ್ಲ ಹಳೆಯದು. ಅಲ್ಲಿ ಕಾಸ್ತಿಯೋ ದೆ ಸಾನ್ ಮಾರ್ಕೋಸ್ ಎಂಬ ಕಲ್ಲಿನ ಕೋಟೆಯ ಮೇಲೆ ನಿಂತು ಫೋಟೋ, ಫಿರಂಗಿ ಹಾರಿಸುವುದನ್ನು ನೋಡಿ ಚಪ್ಪಾಳೆ, ಸೇಂಟ್ ಜಾರ್ಜ್ ಬೀದಿಯಲ್ಲಿ ಐಸ್‌ಕ್ರೀಮ್, ಕತ್ತಲಾಗುವುದರೊಳಗೆ ಹೆದ್ದಾರಿ. ಇಲ್ಲಿಗೆ ಹತ್ತಿರದಲ್ಲೇ ವಾಸವಾಗಿರುವ ನಾನು ಬಂದ ನೆಂಟರನ್ನೂ ಅವರ ನೆಂಟರನ್ನೂ ಈ ಸುತ್ತಿನಲ್ಲಿ ತಿರುಗಿಸಿದವನೇ. ಕೋಟೆಯ ಮೇಲೆ ನನಗೆ ಕೋಪವೇನೂ ಇಲ್ಲ. ಆದರೆ ಆ ಕೋಟೆ ಕಂಡ ಬಹು ದೊಡ್ಡ ಮುತ್ತಿಗೆಯ ಬಹು ರಕ್ತಮಯವಾದ ಹೋರಾಟ ನಡೆದದ್ದು ಕೋಟೆಯಲ್ಲಲ್ಲ. ಅಲ್ಲಿಂದ ಉತ್ತರಕ್ಕೆ ಎರಡು ಮೈಲಿ ದೂರದ ಒಂದು ಜೌಗಿನ ದಂಡೆಯಲ್ಲಿ. ಆ ಜಾಗಕ್ಕೆ ಮೋಸೆ ಎಂದು ಹೆಸರು. ಕಾರಿನಲ್ಲಿ ಕೆಲವೇ ನಿಮಿಷಗಳ ದಾರಿ. ನಮ್ಮವರು ಅಲ್ಲಿಗೆ ಹೋಗುವುದಿಲ್ಲ. ಏಕೆ ಹೋಗಬೇಕು ಎಂಬುದಕ್ಕೆ ಈ ಪತ್ರ.

ಕೋಟೆಯ ಮಾರ್ಗದರ್ಶಿಗಳು 1740ರ ಕಥೆಯನ್ನು ಚೆನ್ನಾಗಿಯೇ ಹೇಳುತ್ತಾರೆ. ಬ್ರಿಟಿಷರ ಜಾರ್ಜಿಯಾ ವಸಾಹತಿನ ಸ್ಥಾಪಕ ಜನರಲ್ ಜೇಮ್ಸ್ ಓಗಲ್‌ಥೋರ್ಪ್ ಸೇನೆ ತಂದು ಮುತ್ತಿಗೆ ಹಾಕಿದ. ಎದುರಿನ ಅನಸ್ತಾಸಿಯಾ ದ್ವೀಪದಿಂದ ಫಿರಂಗಿ ಗುಂಡುಗಳು ಬಂದವು. ಕೋಟೆಯ ಗೋಡೆ ಕೊಕೀನಾ ಎಂಬ ಕಲ್ಲಿನದು. ಕಪ್ಪೆಚಿಪ್ಪುಗಳೇ ಒತ್ತಿ ಗಟ್ಟಿಯಾಗಿ ಕಲ್ಲಾದದ್ದು. ಗುಂಡು ಬಡಿದರೆ ಗೋಡೆ ಸೀಳುವುದಿಲ್ಲ, ಹಸಿ ಜೇಡಿಮಣ್ಣಿಗೆ ಎಸೆದ ಹರಳಿನ ಹಾಗೆ ಗುಂಡು ಒಳಗೆ ಹೂತುಕೊಳ್ಳುತ್ತದೆ. ಊರಿನ ಸುಮಾರು ಎರಡು ಸಾವಿರ ಜನ ಕೋಟೆಯ ಆಸರೆಯಲ್ಲಿ ಹಸಿವನ್ನು ಸಹಿಸಿದರು, ಜುಲೈನಲ್ಲಿ ಹವಾನಾದಿಂದ ಆಹಾರ ಬಂತು, ಚಂಡಮಾರುತದ ಕಾಲ ಹತ್ತಿರವಾಯಿತೆಂದು ಬ್ರಿಟಿಷ್ ನೌಕಾಪಡೆ ಹಿಂದೆ ಸರಿಯಿತು, ಮುತ್ತಿಗೆ ಮುಗಿಯಿತು. ಎಲ್ಲವೂ ನಿಜ. ಕಲ್ಲು ಗೆದ್ದಿತು ಎನ್ನುವಂತೆ ಕೇಳಿಸುವ ಕಥೆ. ಕಲ್ಲಿನ ಕಥೆ ಹೇಳುವುದು ಸುಲಭ, ಕಲ್ಲು ಇನ್ನೂ ಅಲ್ಲೇ ನಿಂತಿದೆಯಲ್ಲ. ಮೋಸೆಯ ಮಣ್ಣಿನ ಕೋಟೆಯನ್ನು ನೀರು ನುಂಗಿತು.

ಹಾಗಾಗಿ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಇಲ್ಲಿಂದ ಉತ್ತರಕ್ಕೆ, ಬ್ರಿಟಿಷರ ಕೆರೊಲಿನಾ ವಸಾಹತಿನ ಚಾರ್ಲ್ಸ್ ಟೌನ್ ಎಂಬ ಊರು ಹುಟ್ಟಿದ್ದು 1670ರಲ್ಲಿ. ಕೆರೊಲಿನಾದ ಗದ್ದೆ ತೋಟಗಳು ನಡೆಯುತ್ತಿದ್ದದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ. 1687ರಲ್ಲಿ ಎಂಟು ಗಂಡಸರು, ಇಬ್ಬರು ಹೆಂಗಸರು, ಮೊಲೆಹಾಲು ಕುಡಿಯುವ ಒಂದು ಮಗು ಅಲ್ಲಿಂದ ದೋಣಿಯಲ್ಲಿ ತಪ್ಪಿಸಿಕೊಂಡು ದಕ್ಷಿಣಕ್ಕೆ, ಸ್ಪೇನಿನ ಸೇಂಟ್ ಆಗಸ್ಟೀನಿಗೆ ಬಂದಿಳಿದರು. ದಾಖಲೆಯಲ್ಲಿ ಸಿಗುವ ಮೊದಲ ಗುಂಪು ಇದು. ಗಂಡಸರಲ್ಲಿ ಹಲವರು ಅದೇ ಕಲ್ಲಿನ ಕೋಟೆಯನ್ನು ಕಟ್ಟುವ ಕೆಲಸಕ್ಕೆ ನಿಂತರು. ಒಡೆಯರು ಹುಡುಕಿಕೊಂಡು ಬಂದಾಗ ಗವರ್ನರ್ ಹಿಂದಿರುಗಿಸಲಿಲ್ಲ. 1693ರಲ್ಲಿ ಸ್ಪೇನಿನ ರಾಜ ಎರಡನೆಯ ಚಾರ್ಲ್ಸ್ ಆಜ್ಞೆ ಹೊರಡಿಸಿದ: ಓಡಿಬಂದ ಗಂಡಸರಿಗೂ ಹೆಂಗಸರಿಗೂ ಬಿಡುಗಡೆ, ಇವರನ್ನು ನೋಡಿ ಇನ್ನೂ ಹಲವರು ಬರಲಿ ಎಂದು.

ದಯವಿಟ್ಟು ಇಲ್ಲಿ ಸ್ಪೇನಿನ ರಾಜನಿಗೆ ಹಾರ ಹಾಕಬೇಡಿ. ಸೇಂಟ್ ಆಗಸ್ಟೀನಿನಲ್ಲಿ ಸ್ಪ್ಯಾನಿಷರ ಮನೆಗಳಲ್ಲೂ ಗುಲಾಮರಿದ್ದರು, ಅವರಿಗೆ ಈ ಆಜ್ಞೆಯಿಂದ ಕವಡೆಯಷ್ಟೂ ಲಾಭವಿರಲಿಲ್ಲ. ಬಿಡುಗಡೆಗೆ ಷರತ್ತೂ ಇತ್ತು: ಕ್ಯಾಥೊಲಿಕರಾಗಬೇಕು, ರಾಜನಿಗಾಗಿ ಬಂದೂಕು ಹಿಡಿಯಬೇಕು. ಎದುರಾಳಿಯ ಸಂಪತ್ತು ತಾನಾಗಿಯೇ ನಡೆದು ಬಂದು ತನ್ನ ಸೈನಿಕನಾಗುವುದಾದರೆ ಯಾವ ರಾಜ ಬೇಡವೆನ್ನುತ್ತಾನೆ? ಇದು ವ್ಯವಹಾರ. ಆದರೆ ವ್ಯವಹಾರದ ಇನ್ನೊಂದು ಬದಿಯಲ್ಲಿದ್ದವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತಿತ್ತು, ಅವರು ಅದನ್ನು ಕಡೆಯ ಕಾಸಿನವರೆಗೂ ವಸೂಲಿ ಮಾಡಲು ಹೊರಟರು.

ಹಾಗೆ ಹೊರಟವರಲ್ಲಿ ಒಬ್ಬ ಫ್ರಾನ್ಸಿಸ್ಕೊ ಮೆನೆಂದೆಸ್. ಇದು ಸ್ಪ್ಯಾನಿಷರ ನಾಡಿನಲ್ಲಿ ಬಂದ ಹೆಸರು. ಪಶ್ಚಿಮ ಆಫ್ರಿಕಾದ ಮಂಡಿಂಗಾ ಜನಾಂಗದವನು. ಕೆರೊಲಿನಾದಲ್ಲಿ ಗುಲಾಮನಾಗಿದ್ದು, 1715ರಲ್ಲಿ ಯಮಸೀ ಮೂಲನಿವಾಸಿಗಳು ಬ್ರಿಟಿಷರ ವಿರುದ್ಧ ದಂಗೆ ಎದ್ದಾಗ ಅವರೊಂದಿಗೆ ಸೇರಿ ಹೋರಾಡಿ, ಕೆಲವು ವರ್ಷಗಳ ಮೇಲೆ ಸೇಂಟ್ ಆಗಸ್ಟೀನ್ ತಲುಪಿದ. ಅಲ್ಲಿ ಅವನಿಗೆ ಸಿಕ್ಕಿದ್ದೇನು? ಮತ್ತೆ ಮಾರಾಟ. ರಾಜನ ಆಜ್ಞೆ ಕಾಗದದಲ್ಲಿತ್ತು, ಗವರ್ನರ್ ಅವನನ್ನೂ ಅವನಂಥವರನ್ನೂ ಊರಿನವರಿಗೆ ಮಾರಿದ. 1726ರ ಹೊತ್ತಿಗೆ ಅವನನ್ನು ಕಪ್ಪು ಜನರ ಕಾವಲು ದಳದ ನಾಯಕನನ್ನಾಗಿ ಮಾಡಿದರು. ಗುಲಾಮನಾಗಿಯೇ ನಾಯಕ. ಬಿಡುಗಡೆ ಕೇಳಿ ಮನವಿಯ ಮೇಲೆ ಮನವಿ ಬರೆದ. 1738ರಲ್ಲಿ ಹೊಸ ಗವರ್ನರ್ ಮಾನ್ವೆಲ್ ದೆ ಮೊಂತಿಯಾನೊ ಕೊನೆಗೂ ಎಲ್ಲರನ್ನೂ ಬಿಡುಗಡೆ ಮಾಡಿ, ಊರಿನ ಉತ್ತರಕ್ಕೆ ಜಾಗ ಕೊಟ್ಟ. ಗ್ರಾಸಿಯಾ ರೆಯಾಲ್ ದೆ ಸಾಂತಾ ತೆರೇಸಾ ದೆ ಮೋಸೆ ಎಂದು ಅದರ ಪೂರ್ಣ ಹೆಸರು. ಮಣ್ಣಿನ ಗೋಡೆ, ಸುತ್ತ ಕಂದಕ, ಒಳಗೆ ಕಾವಲು ಗೋಪುರ. 38 ಕುಟುಂಬಗಳು, ಒಟ್ಟು ನೂರರಷ್ಟು ಜನ. ಈಗಿನ ಸಂಯುಕ್ತ ಸಂಸ್ಥಾನದ ನೆಲದಲ್ಲಿ ಕಾನೂನಿನ ಮನ್ನಣೆ ಪಡೆದ, ಸ್ವತಂತ್ರ ಕಪ್ಪು ಜನರ ಮೊದಲ ಊರು ಇದು. ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯದ ಘೋಷಣೆಗೆ ಸಹಿ ಬೀಳುವ 38 ವರ್ಷ ಮೊದಲು.

ಆ ಹೊತ್ತಿಗೆ ಕೆರೊಲಿನಾದ ಒಬ್ಬ ಒಡೆಯ ತನ್ನ ಗುಲಾಮರನ್ನು ಹಿಂದಕ್ಕೆ ಕರೆದೊಯ್ಯಲು ಸೇಂಟ್ ಆಗಸ್ಟೀನಿಗೆ ಬಂದನಂತೆ. ಅವರು ಬೀದಿಯಲ್ಲೇ ಎದುರಾದರು, ಅವನನ್ನು ನೋಡಿ ನಕ್ಕರು, ಅವನು ಬರಿಗೈಯಲ್ಲಿ ಹೋದ. ಈ ನಗುವಿಗಾಗಿ ನನಗೆ ಇಡೀ ಕಥೆ ಇಷ್ಟ.

ಸುದ್ದಿ ಉತ್ತರಕ್ಕೆ ಹಬ್ಬದೇ ಇರುತ್ತದೆಯೆ? 1739ರ ಸೆಪ್ಟೆಂಬರ್‌ನಲ್ಲಿ ಕೆರೊಲಿನಾದ ಸ್ಟೋನೋ ನದಿಯ ಬಳಿ ಗುಲಾಮರು ಶಸ್ತ್ರ ಹಿಡಿದು, ತಮಟೆ ಬಾರಿಸುತ್ತ, ಬಾವುಟ ಹಾರಿಸುತ್ತ ದಕ್ಷಿಣಕ್ಕೆ ಹೊರಟರು. ಇಪ್ಪತ್ತಕ್ಕೂ ಹೆಚ್ಚು ಬಿಳಿಯರು ಸತ್ತರು, ದಂಗೆಯನ್ನು ಅದಕ್ಕಿಂತ ಹೆಚ್ಚು ರಕ್ತ ಹರಿಸಿ ಅಡಗಿಸಲಾಯಿತು. ಅವರು ಹೊರಟಿದ್ದ ದಿಕ್ಕು ಫ್ಲೋರಿಡಾ ಎಂಬುದರಲ್ಲಿ ಕೆರೊಲಿನಾದ ಒಡೆಯರಿಗೆ ಅನುಮಾನವಿರಲಿಲ್ಲ. ಅದೇ ವರ್ಷ ಬ್ರಿಟನ್ ಮತ್ತು ಸ್ಪೇನ್ ಯುದ್ಧಕ್ಕೆ ನಿಂತವು. ರಾಬರ್ಟ್ ಜೆಂಕಿನ್ಸ್ ಎಂಬ ನಾವಿಕನ ಕಿವಿಯನ್ನು 1731ರಲ್ಲಿ ಸ್ಪೇನಿನ ಕಾವಲುಪಡೆ ಕತ್ತರಿಸಿತೆಂಬ ದೂರಿನಿಂದ ಆ ಯುದ್ಧಕ್ಕೆ ಜೆಂಕಿನ್ಸನ ಕಿವಿಯ ಯುದ್ಧ ಎಂಬ ಹೆಸರು ಬಂತು. ಮಕ್ಕಳಿಗೆ ಹೇಳಿದರೆ ಎರಡು ದಿನ ಅದನ್ನೇ ಕೇಳುತ್ತಾರೆ. ಕಿವಿ ನೆಪ. ಕೆರೊಲಿನಾದವರು ಓಗಲ್‌ಥೋರ್ಪನ ಜೊತೆ ಸೇನೆ ಕಳಿಸಿದ್ದಕ್ಕೆ ಮೋಸೆಯಂಥ ಊರು ಇರುವುದೇ ಸಾಕಷ್ಟು ಕಾರಣವಾಗಿತ್ತು.

ಈಗ ಎದುರು ಪಾಳೆಯಕ್ಕೆ ಬರೋಣ. ನಾನು ಈ ಪತ್ರ ಬರೆಯಲು ಕೂತದ್ದೇ ಈ ಭಾಗಕ್ಕಾಗಿ.

ಓಗಲ್‌ಥೋರ್ಪನ ಜಾರ್ಜಿಯಾದಲ್ಲಿ ಆಗ ಗುಲಾಮಗಿರಿ ನಿಷಿದ್ಧವಾಗಿತ್ತು. 1735ರ ಕಾನೂನು, 1751ರವರೆಗೆ ನಡೆಯಿತು. ಅಂದರೆ ಗುಲಾಮರಿಗೆ ಬಿಡುಗಡೆ ಕೊಡುವ ಸ್ಪೇನಿನ ಊರಿಗೆ ಗುಲಾಮಗಿರಿ ಒಪ್ಪದ ವಸಾಹತಿನ ಜನರಲ್ ಮುತ್ತಿಗೆ ಹಾಕಿದ! ಅದೇ ಮನುಷ್ಯ ಅದಕ್ಕೂ ಮೊದಲು ಆಫ್ರಿಕನ್ನರನ್ನು ಹಡಗಿನಲ್ಲಿ ತುಂಬಿ ಮಾರಿದ್ದ ರಾಯಲ್ ಆಫ್ರಿಕನ್ ಕಂಪನಿಯ ಉಪ ಗವರ್ನರ್ ಆಗಿದ್ದವನು. ಅವನ ಮನಸ್ಸಿನಲ್ಲಿ ಏನಿತ್ತೋ, ಕಾನೂನಿನ ಲೆಕ್ಕಾಚಾರವಂತೂ ಸ್ಪಷ್ಟ: ಗಡಿಯ ಜಾರ್ಜಿಯಾದಲ್ಲಿ ಗುಲಾಮರಿದ್ದರೆ ಅವರು ನೇರ ಫ್ಲೋರಿಡಾಕ್ಕೆ ಓಡುತ್ತಾರೆ, ಓಡಿ ಸ್ಪೇನಿನ ಬಂದೂಕು ಹಿಡಿಯುತ್ತಾರೆ.

ಜಾರ್ಜಿಯಾದ ಗಡಿಯಲ್ಲಿ ಡೇರಿಯನ್ ಎಂಬ ಊರಿತ್ತು. 1736ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನಿಂದ ಬಂದ ಹೈಲ್ಯಾಂಡರುಗಳ ನೆಲೆ. ಸವಾನಾದ ಕೆಲವು ವಸಾಹತಿಗರು ತಮಗೂ ಗುಲಾಮರು ಬೇಕೆಂದು ಅರ್ಜಿ ಹಾಕಿದಾಗ, ಡೇರಿಯನ್ನಿನ 18 ಮಂದಿ 1739ರ ಜನವರಿಯಲ್ಲಿ ಬೇಡವೆಂದು ಎದುರು ಅರ್ಜಿ ಬರೆದರು. ಸ್ಪೇನಿನವರು ಇಷ್ಟು ಹತ್ತಿರದಲ್ಲಿ ಬಿಡುಗಡೆ ಸಾರಿರುವಾಗ ಗುಲಾಮರನ್ನು ಕಾಯುವುದೇ ದೊಡ್ಡ ಕೆಲಸವಾದೀತು ಎಂಬ ವ್ಯವಹಾರದ ಮಾತು ಅದರಲ್ಲಿದೆ. ಜೊತೆಗೆ ಇನ್ನೊಂದು ಮಾತೂ ಇದೆ: ಒಂದು ಮನುಷ್ಯಕುಲವನ್ನೂ ಅದರ ಸಂತತಿಯನ್ನೂ ಎಂದೆಂದಿಗೂ ಗುಲಾಮಗಿರಿಗೆ ತಳ್ಳುವುದು ಮನುಷ್ಯ ಸ್ವಭಾವವೇ ನಡುಗುವಂಥದ್ದು ಎಂದು. ಆ ಕಾಲದ ವಸಾಹತುಗಳಲ್ಲಿ ಇಷ್ಟು ನೇರವಾಗಿ ಬರೆದವರು ಅಪರೂಪ. ಸಹಿ ಮಾಡಿದವರಲ್ಲಿ ಮುಖ್ಯನಾದವನು ಜಾನ್ ಮೋರ್ ಮ್ಯಾಕಿಂಟಾಷ್.

ಹದಿನೆಂಟು ತಿಂಗಳೂ ಕಳೆದಿರಲಿಲ್ಲ. 1740ರ ಜೂನ್‌ನಲ್ಲಿ ಅದೇ ಮ್ಯಾಕಿಂಟಾಷ್, ಅದೇ ಡೇರಿಯನ್ನಿನ ಹೈಲ್ಯಾಂಡರುಗಳ ನಾಯಕನಾಗಿ, ಬಿಡುಗಡೆ ಪಡೆದ ಗುಲಾಮರು ಕಟ್ಟಿದ ಮೋಸೆಯ ಗೋಡೆಗಳೊಳಗೆ ಮಲಗಿದ್ದ.

ಊರಿನವರು ಆ ಮೊದಲೇ ಮೋಸೆ ತೊರೆದಿದ್ದರು. ಬ್ರಿಟಿಷರು ಸೇಂಟ್ ಜಾನ್ಸ್ ನದಿಯ ಕೋಟೆಗಳನ್ನು ಒಂದೊಂದಾಗಿ ಹಿಡಿಯುತ್ತ ಬರುತ್ತಿರುವುದನ್ನು ನೋಡಿ ಮೊಂತಿಯಾನೊ ಅವರನ್ನೆಲ್ಲ ಒಳಗೆ ಕರೆಸಿಕೊಂಡಿದ್ದ. ಬರಿದಾದ ಮೋಸೆಗೆ ಮೊದಲು ಬಂದ ಓಗಲ್‌ಥೋರ್ಪ್ ಅದರ ಬಾಗಿಲು ಸುಡಿಸಿ, ಗೋಡೆಯನ್ನು ಮೂರು ಕಡೆ ಒಡೆಸಿದ. ತನ್ನ ಸೈನಿಕರೇ ಅದರಲ್ಲಿ ಸಿಕ್ಕಿಬೀಳಬಾರದು ಎಂದು. ಆಮೇಲೆ ಅದೇ ಒಡಕು ಕೋಟೆಯ ಕಡೆಗೆ ಕರ್ನಲ್ ಜಾನ್ ಪಾಮರ್‌ನ ಕೈಕೆಳಗೆ ನೂರೈವತ್ತರ ಆಸುಪಾಸಿನ ತುಕಡಿಯನ್ನು ಕಳಿಸಿದ. ಹೈಲ್ಯಾಂಡರುಗಳು, ಕುದುರೆ ಸವಾರರು, ಮೂಲನಿವಾಸಿ ಮಿತ್ರರು ಅದರಲ್ಲಿದ್ದರು. ಸುತ್ತಾಡುತ್ತ ಸ್ಪೇನಿನವರನ್ನು ಕಾಡಬೇಕು, ಒಂದೇ ಕಡೆ ನಿಲ್ಲಬಾರದು ಎಂದು ತಾನು ಹೇಳಿದ್ದೆನೆಂಬುದು ಓಗಲ್‌ಥೋರ್ಪನ ವಾದ. ಅವರು ನಿಂತರು. ಯಾರ ಮಾತು ನಡೆಯಬೇಕು ಎಂಬುದರಲ್ಲೇ ಅಧಿಕಾರಿಗಳಿಗೆ ಒಮ್ಮತವಿರಲಿಲ್ಲ. ಪಾಮರ್ ಹಳೆಯ ಗಡಿಯುದ್ಧಗಾರ, 1728ರಲ್ಲೇ ಸೇಂಟ್ ಆಗಸ್ಟೀನಿನ ಬಾಗಿಲವರೆಗೆ ಬಂದು ದಾಳಿ ಮಾಡಿ ಹೋದವನು. ಕೋಟೆಯೊಳಗೆ ಮಲಗಬೇಡಿ, ಬೆಳಗಿನ ಜಾವ ಎಚ್ಚರವಾಗಿರಿ ಎಂದು ಅವನು ಎಚ್ಚರಿಸುತ್ತಲೇ ಇದ್ದ, ಕೇಳಿದವರು ಕಡಿಮೆ.

ಆ ಬೆಳಗಿನ ಜಾವ ಬಂತು. ಸ್ಪೇನಿನ ಕ್ಯಾಲೆಂಡರಿನಲ್ಲಿ ಜೂನ್ 26, ಹಳೆಯ ಪಂಚಾಂಗವನ್ನೇ ಹಿಡಿದಿದ್ದ ಬ್ರಿಟಿಷರಿಗೆ ಜೂನ್ 15. (ಎರಡು ಪುಸ್ತಕಗಳಲ್ಲಿ ಎರಡು ದಿನಾಂಕ ಕಂಡು ಗಾಬರಿಯಾಗಬೇಡಿ, ಬೆಳಗು ಒಂದೇ.) ಕ್ಯಾಪ್ಟನ್ ಆಂತೋನಿಯೊ ಸಾಲ್ಗಾದೊ ನೇತೃತ್ವದಲ್ಲಿ ಸುಮಾರು 300 ಜನ ಕೋಟೆಯಿಂದ ಹೊರಬಿದ್ದು ಕತ್ತಲಲ್ಲೇ ಮೋಸೆ ತಲುಪಿದರು. ಸ್ಪೇನಿನ ಸೈನಿಕರು, ಅವರ ಮೂಲನಿವಾಸಿ ಮಿತ್ರರು, ಮೆನೆಂದೆಸ್‌ನ ಕಪ್ಪು ದಳ. ಒಡೆದ ಗೋಡೆ, ಸುಟ್ಟ ಬಾಗಿಲು, ಒಳಗಿನ ಮೂಲೆ ಮೂಲೆಯೂ ಈ ಕೊನೆಯವರಿಗೆ ಗೊತ್ತು, ಕಟ್ಟಿದವರು ಅವರೇ. ಬಂದೂಕಿನ ಒಂದು ಸುತ್ತು ಮುಗಿದ ಮೇಲೆ ಖಡ್ಗ, ಬಯೊನೆಟ್, ಬಂದೂಕಿನ ಹಿಡಿ, ಬರಿ ಕೈ. ಪಾಮರ್ ಸತ್ತ. ಅವನ ಜೊತೆ ಬ್ರಿಟಿಷ್ ಕಡೆ ಎಪ್ಪತ್ತರಷ್ಟು ಜನ ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಸೆರೆಯಾದರು. ಸ್ಪೇನಿನ ಕಡೆ ಸತ್ತವರು ಹತ್ತು. ಹೈಲ್ಯಾಂಡರುಗಳು ಬಹಳ ಮಂದಿ ಅಲ್ಲೇ ಮಡಿದರು. ಮ್ಯಾಕಿಂಟಾಷ್ ಸೆರೆಸಿಕ್ಕಿ ಸ್ಪೇನಿನ ಜೈಲು ಕಂಡ. ಬ್ರಿಟಿಷರೇ ಆ ಜಾಗವನ್ನು ಆಮೇಲೆ ರಕ್ತಸಿಕ್ತ ಮೋಸೆ ಎಂದು ಕರೆದರು.

ಮುತ್ತಿಗೆಯ ಬೆನ್ನು ಮುರಿದದ್ದು ಆ ದಿನ. ಆಮೇಲೆಯೂ ವಾರಗಟ್ಟಲೆ ಗುಂಡು ಹಾರಿದವು, ಆದರೆ ನೆಲದ ಕಡೆಯಿಂದ ಊರನ್ನು ಬಿಗಿಯುವ ಶಕ್ತಿ ಓಗಲ್‌ಥೋರ್ಪನಿಗೆ ಉಳಿಯಲಿಲ್ಲ, ಕೆರೊಲಿನಾದ ದಂಡಿಗೆ ಅವನ ಮೇಲೆ ನಂಬಿಕೆಯೂ ಉಳಿಯಲಿಲ್ಲ. ಮರುವರ್ಷ ಕೆರೊಲಿನಾದ ಶಾಸನಸಭೆ ಸೋಲಿನ ವಿಚಾರಣೆ ನಡೆಸಿ ಅವನ ಮೇಲೆ ತಪ್ಪು ಹೊರಿಸಿತು, ಅವನ ಕಡೆಯವರು ಕೆರೊಲಿನಾದವರ ಮೇಲೆ ಹೊರಿಸಿದರು. ಸೋತವರ ಈ ಕಾಗದದ ಜಗಳ ಯುದ್ಧಕ್ಕಿಂತ ಉದ್ದವಾಗಿ ನಡೆಯಿತು. ನಮಗೆ ಇಂದು ಸಿಗುವ ವಿವರಗಳಲ್ಲಿ ಬಹಳಷ್ಟು ಅದರಿಂದಲೇ ಬಂದಿವೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಗೆದ್ದವರಿಗೆ ಏನು ಸಿಕ್ಕಿತು? ಮೋಸೆ ಪಾಳುಬಿದ್ದಿತ್ತು, ಅದರ ಜನ ಊರೊಳಗೆ ದಿನಗೂಲಿ ಮಾಡಿಕೊಂಡು ಬದುಕಿದರು. ಮೆನೆಂದೆಸ್ 1740ರ ಕೊನೆಯಲ್ಲಿ ರಾಜನಿಗೆ ತಾನೇ ಮನವಿ ಬರೆದ. ಓದುಬರಹ ಬಲ್ಲವನು, ಸಹಿ ಅವನದೇ. ಸೇವೆಗೆ ಸಂಭಾವನೆ ಬೇಕು, ಸ್ಪೇನಿಗೆ ಬಂದು ತಾನೇ ಬಿನ್ನವಿಸಿಕೊಳ್ಳಬೇಕು ಎಂದು. ಸಮುದ್ರದ ದಾರಿ ಹಿಡಿದು ಹಡಗು ಸೇರಿದ. 1741ರಲ್ಲಿ ಬ್ರಿಟಿಷ್ ಹಡಗೊಂದು ಅವನನ್ನು ಹಿಡಿಯಿತು. ಮೋಸೆಯ ನಾಯಕ ಇವನೇ ಎಂದು ತಿಳಿದ ಮೇಲೆ ಫಿರಂಗಿಗೆ ಕಟ್ಟಿ, ವೈದ್ಯನನ್ನು ಕರೆಸಿ ಬೀಜ ಒಡೆಸುತ್ತೇವೆಂದು ಹೆದರಿಸಿ, 200 ಛಡಿ ಏಟು ಕೊಟ್ಟು, ಬಹಾಮಾಸ್‌ನಲ್ಲಿ ಗುಲಾಮನೆಂದು ಮಾರಿದರು. ಮೂರನೆಯ ಬಾರಿಗೆ ಗುಲಾಮ. ಅವನು ಅಲ್ಲಿಂದ ಹೇಗೆ ಹೊರಬಂದ ಎಂಬುದು ಬೇರೆ ಮಾತು, ಹತ್ತು ವರ್ಷಗಳ ಮೇಲೆ ಮತ್ತೆ ಸೇಂಟ್ ಆಗಸ್ಟೀನಿನಲ್ಲಿದ್ದಾನೆ, ಮತ್ತೆ ನಾಯಕ. 1752ರಲ್ಲಿ ಮೋಸೆಯನ್ನು ಸ್ವಲ್ಪ ಪಕ್ಕಕ್ಕೆ ಹೊಸದಾಗಿ ಕಟ್ಟಿದಾಗ, ಅಲ್ಲಿಗೆ ಹೋಗುವುದಿಲ್ಲ, ಊರಲ್ಲೇ ಇರುತ್ತೇವೆ ಎಂದು ಜನ ಹಟ ಹಿಡಿದರು. ಗವರ್ನರ್ ಶಿಕ್ಷೆ ಕೊಟ್ಟು ಕಳಿಸಿದ. ಸ್ವತಂತ್ರರಿಗೆ ಎಲ್ಲಿ ಇರಬೇಕೆಂಬ ಸ್ವಾತಂತ್ರ್ಯ ಇರಲಿಲ್ಲ. 1759ರ ಜನಗಣತಿಯಲ್ಲಿ 22 ಮನೆ, 67 ಜನ. 1763ರಲ್ಲಿ ಪ್ಯಾರಿಸ್ ಒಪ್ಪಂದವಾಗಿ, ಬ್ರಿಟಿಷರು ಹಿಡಿದಿದ್ದ ಹವಾನಾವನ್ನು ವಾಪಸು ಪಡೆಯಲು ಸ್ಪೇನ್ ಫ್ಲೋರಿಡಾವನ್ನೇ ಬ್ರಿಟನ್ನಿಗೆ ಕೊಟ್ಟಿತು. ಮುತ್ತಿಗೆಯಲ್ಲಿ ಕೊಡದ್ದನ್ನು ಮೇಜಿನ ಮೇಲೆ ಕೊಟ್ಟರು. ಮೋಸೆಯವರೆಲ್ಲ ಕ್ಯೂಬಾಕ್ಕೆ ಹಡಗು ಹತ್ತಿದರು.

ಆಮೇಲೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಜೌಗು. ಇತಿಹಾಸಕಾರ್ತಿ ಜೇನ್ ಲ್ಯಾಂಡರ್ಸ್ ಸ್ಪೇನಿನ ಕಡತಗಳಲ್ಲಿ ಈ ಜನರ ಹೆಸರುಗಳನ್ನು ಹುಡುಕಿ ತೆಗೆದರು. 1986ರಿಂದ ಪುರಾತತ್ತ್ವಜ್ಞೆ ಕ್ಯಾತ್ಲೀನ್ ಡೀಗನ್ ಅವರ ತಂಡ ಎರಡನೆಯ ಕೋಟೆಯ ಜಾಗವನ್ನು ಅಗೆಯಿತು. ಸಿಕ್ಕಿದ್ದು ಜಪಮಣಿ, ಬಂದೂಕಿನ ಚಕಮಕಿ ಕಲ್ಲು, ಗುಂಡಿ, ಚಿಲುಮೆಯ ಚೂರು, ಕೈಯಲ್ಲೇ ಮಾಡಿದ ಸಂತ ಕ್ರಿಸ್ಟೋಫರನ ಬೆಳ್ಳಿಯ ಪದಕ. 1994ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು. ಈಗ ರಾಜ್ಯ ಉದ್ಯಾನ, ಚಿಕ್ಕ ವಸ್ತುಸಂಗ್ರಹಾಲಯ, ಜೌಗಿನ ಮೇಲೆ ಮರದ ನಡೆದಾರಿ ಇವೆ. 1738ರ ಕೋಟೆಯ ಪ್ರತಿರೂಪವನ್ನು ಕಟ್ಟಿ 2025ರಲ್ಲಿ ತೆರೆದಿದ್ದಾರೆ. "ಅಲ್ಲಿ ನೋಡುವುದಕ್ಕೆ ಏನಿದೆ?" ಎಂದು ಕೇಳುವವರಿಗೆ ಕೊಡಲು ಉತ್ತರ ಈಗ ಮರದಲ್ಲಿ, ಮಣ್ಣಿನಲ್ಲಿ ನಿಂತಿದೆ.

ಇಲ್ಲಿನ ಕನ್ನಡ ಸಂಘಗಳವರಲ್ಲಿ, ಮಕ್ಕಳಿಗೆ ಶನಿವಾರದ ಕನ್ನಡ ಶಾಲೆ ನಡೆಸುವವರಲ್ಲಿ ಒಂದು ಕೋರಿಕೆ. ಪ್ರವಾಸ ಏರ್ಪಡಿಸುವಾಗ ಮೋಸೆಯನ್ನು ಮೊದಲು ಇಡಿ, ಕಲ್ಲಿನ ಕೋಟೆಯನ್ನು ಆಮೇಲೆ. ಮಕ್ಕಳಿಗೆ ಹೇಳುವಾಗ, ದಯವಿಟ್ಟು, ಒಳ್ಳೆಯ ಸ್ಪೇನ್ ಕೆಟ್ಟ ಬ್ರಿಟನ್ ಎಂದು ಸುಲಭ ಮಾಡಬೇಡಿ. ಮೋಸೆಯವರೇ ಒಂಟಿಯಾಗಿ ಗೆದ್ದರು ಎಂದು ಉತ್ಪ್ರೇಕ್ಷೆಯನ್ನೂ ಮಾಡಬೇಡಿ, ಸಾಲ್ಗಾದೊನ ಸೈನಿಕರೂ ಮೂಲನಿವಾಸಿಗಳೂ ಅಲ್ಲಿದ್ದರು. ಮೂಲನಿವಾಸಿಗಳು ಎರಡೂ ಕಡೆ ಇದ್ದರು ಎಂಬುದನ್ನು ಬಿಡಬೇಡಿ. ಡೇರಿಯನ್ನಿನ ಅರ್ಜಿಯನ್ನು ಓದಿ ಹೇಳಿ, ಅದಾದ ಮೇಲೆ ಮೋಸೆಯ ಬೆಳಗನ್ನು ಹೇಳಿ. ಒಂದೇ ಉಸಿರಿನಲ್ಲಿ ಹೇಳಬೇಡಿ, ನಡುವೆ ಅವರು ಪ್ರಶ್ನೆ ಕೇಳಲಿ. ಹತ್ತು ಹನ್ನೆರಡು ವರ್ಷದ ಮಕ್ಕಳು ಈ ಗೋಜಲನ್ನು ನಮಗಿಂತ ಚೆನ್ನಾಗಿ ಬಿಡಿಸುತ್ತಾರೆಂಬುದು ನನ್ನ ಅನುಭವ.

ಬೇಸಿಗೆಯಲ್ಲಿ ಬರುವವರು ಬೆಳಿಗ್ಗೆಯೇ ಹೋಗಿ, ನಡು ಮಧ್ಯಾಹ್ನದ ಬಿಸಿಲು ಜೌಗಿನ ಮೇಲೆ ಸುಡುತ್ತದೆ, ಸೊಳ್ಳೆಗೆ ಔಷಧ ತಂದಿರಿ. ಯುದ್ಧದ ಮರುನಟನೆಯನ್ನು ಜೂನ್ ತಿಂಗಳಲ್ಲಿ ನಡೆಸುತ್ತಾರೆ. ಆ ದಿನ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ವಸ್ತುಸಂಗ್ರಹಾಲಯ ತೆರೆದಿರುವ ವೇಳೆ ವಿಚಾರಿಸಿಕೊಂಡು ಹೊರಡಿ. ಊಟದ ಡಬ್ಬಿ ಜೊತೆಯಲ್ಲಿದ್ದರೆ ಅಲ್ಲೇ ಕೂರಲು ಜಾಗವಿದೆ.

ಇಂತಿ ನಿಮ್ಮವ,
ಜಾಕ್ಸನ್‌ವಿಲ್‌ನ ಒಬ್ಬ ಕನ್ನಡಿಗ